ಗಿರಣಿ ಗಂಟಲು

"ಶಾಂಭವಿ ಬಂದಿಲ್ವಾ ಇವತ್ತು?" ಅಂತ ರೇಣುಕಪ್ರಸಾದ್ ಸರ್ ಕೊನೆಯ ಬೆಂಚಿನಿಂದ ಕೇಳಿದಾಗ ಶಾಂಭವಿ ಅವರ ಎದುರಿಗೇ ನಿಂತಿದ್ದಳು. ನಡುವೆ ಇದ್ದದ್ದು ಎರಡು ಮೂತ್ರಪಿಂಡ ಮಾತ್ರ. ಕೆಂಪು ನೀಲಿ ಸ್ಕೆಚ್ ಪೆನ್ನಿನಲ್ಲಿ ತಾನೇ ಬರೆದ ದೊಡ್ಡ ಚಾರ್ಟನ್ನು ಮುಖದ ಮುಂದೆ ಹಿಡಿದುಕೊಂಡು ಅವಳು ಅದರ ಹಿಂದೆ ಇದ್ದಳು. ತರಗತಿಗೆ ಕಾಣುತ್ತಿದ್ದದ್ದು ಚಾರ್ಟಿನ ಎರಡು ಬದಿಗೆ ನಾಲ್ಕು ನಾಲ್ಕು ಬೆರಳು, ಕೆಳಗೆ ಒಂದು ಜೊತೆ ಚಪ್ಪಲಿ.

ಮೂತ್ರಪಿಂಡಗಳು ಸ್ವಲ್ಪ ಅಲ್ಲಾಡಿದವು. 'ಇದೀನಿ ಸರ್' ಅಂತ ಅವು ಹೇಳಿರಬಹುದು, ಆದರೆ ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿ ನಿಂತು ಪಾಠ ಒಪ್ಪಿಸುತ್ತಿದ್ದ ಅಶ್ವಿನಿ ಉಸಿರು ತೆಗೆದುಕೊಳ್ಳಲು ಸಿಕ್ಕ ಬಿಡುವಿನಲ್ಲಿ, "ಚಾರ್ಟ್ ಹಿಂದೆ ಅವ್ಳೆ ಸರ್" ಅಂದಳು. ಸರ್ ಹಾಜರಿ ಹಾಕಿಕೊಂಡರು.

ಕಡೂರಿನ ಆ ನರ್ಸಿಂಗ್ ಶಾಲೆಯಲ್ಲಿ, ಪಾಠ ಮಾಡುವುದು ಮೇಷ್ಟ್ರ ಕೆಲಸ ಅನ್ನುವ ಮೂಢನಂಬಿಕೆ ಇರಲಿಲ್ಲ. ವರ್ಷದ ಮೊದಲ ವಾರವೇ ಸಿಲಬಸ್ಸನ್ನು ಪ್ರಸಾದದ ಹಾಗೆ ಹಂಚಿಬಿಡುತ್ತಿದ್ದರು. ನಿನಗೆ ಯಕೃತ್ತು, ನಿನಗೆ ಶ್ವಾಸಕೋಶ, ನೀವಿಬ್ಬರೂ ಸೇರಿ ಕರುಳು. ಹುಡುಗ ಹುಡುಗಿಯರು ಓದಿಕೊಂಡು ಬಂದು ಮುಂದೆ ನಿಂತು ಹೇಳಬೇಕು, ಮೇಷ್ಟ್ರು ಹಿಂದೆ ಕೂತು ಕೇಳಬೇಕು. ಸದ್ಯ, ಇಬ್ಬಿಬ್ಬರು ಸೇರಿ ಮಾಡಬಹುದಿತ್ತು. ಶಾಂಭವಿ ಬದುಕಿದ್ದೇ ಆ ಸಂದಿನಲ್ಲಿ. ಅವಳ ಅಕ್ಷರ ಅಚ್ಚು ಹೊಡೆದ ಹಾಗಿತ್ತು, ಅವಳು ಬರೆದ ಹೃದಯ ಬಡಿದುಕೊಳ್ಳುವುದೊಂದು ಬಾಕಿ. ಹಾಗಾಗಿ ಚಾರ್ಟು ಅವಳದು, ಬಾಯಿ ಇನ್ನೊಬ್ಬಳದು ಅಂತ ಒಪ್ಪಂದವಾಗಿತ್ತು. ಒಂದೂವರೆ ವರ್ಷದಲ್ಲಿ ಹನ್ನೊಂದು ಚಾರ್ಟು ಹಿಡಿದು ಹನ್ನೊಂದು ಸಲವೂ ಮರೆಯಲ್ಲೇ ಪಾಸಾಗಿದ್ದಳು. ಅದಕ್ಕೂ ಮೊದಲು ಒಂದೇ ಒಂದು ಸಲ ಒಬ್ಬಳೇ ನಿಂತು ಮಾತಾಡಲು ಹೋಗಿದ್ದುಂಟು. 'ಗುಡ್' ಅಂದಳು. 'ಮಾರ್ನಿಂಗ್' ಬರುವಷ್ಟರಲ್ಲಿ ಊಟದ ಬೆಲ್ ಹೊಡೆದು ಮಧ್ಯಾಹ್ನವೇ ಆಗಿಹೋಗಿತ್ತು.

ಮೂತ್ರಪಿಂಡದ ದಿನವೇ ರೇಣುಕಪ್ರಸಾದ್ ಸರ್ ಹೊಸ ಕಾನೂನು ಹೇಳಿದರು. ಇನ್ನು ಮೇಲೆ ಒಬ್ಬೊಬ್ಬರೇ ಬರಬೇಕು. ಇಪ್ಪತ್ತೈದು ಅಂಕ. ಮಾತಾಡದವರಿಗೆ ಸೊನ್ನೆ, ಸೊನ್ನೆ ಬಂದವರಿಗೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಚಾರ್ಟು ಹಿಡಿಯುವವರು ಬೇಡ, ಗೋಡೆಗೆ ಮೊಳೆ ಹೊಡೆಸಿದ್ದಾಗಿದೆ. ಯಂತ್ರ ಬಂದು ಕೂಲಿಯವರ ಕೆಲಸ ಹೋಗುವುದನ್ನು ಪೇಪರಿನಲ್ಲಿ ಓದಿದ್ದೇವೆ. ಒಂದೂವರೆ ಇಂಚಿನ ಮೊಳೆ ಬಂದು ಕೆಲಸ ಹೋದದ್ದು ಶಾಂಭವಿಯದೇ ಇರಬೇಕು. ಅವಳಿಗೆ ಸಿಕ್ಕ ವಿಷಯ ಹಾಸಿಗೆ ಹುಣ್ಣು. ಹಾಸಿಗೆ ಹಿಡಿದ ರೋಗಿಗೆ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಆಗುವ ಗಾಯ, ಮತ್ತು ಅದು ಆಗದ ಹಾಗೆ ನೋಡಿಕೊಳ್ಳುವುದು. ದಿನ, ಮುಂದಿನ ಶುಕ್ರವಾರ.

ಶಾಂಭವಿಯ ಊರು ಶಿವನಿ. ದಿನಾ ಬೆಳಿಗ್ಗೆ ರೈಲು ಹತ್ತಿ ಅಜ್ಜಂಪುರ, ಬೀರೂರು ದಾಟಿ ಕಡೂರಿಗೆ ಬರುತ್ತಿದ್ದಳು. ಅಪ್ಪ ಗುರುಮೂರ್ತಿಗೆ ಹಿಟ್ಟಿನ ಗಿರಣಿ. ಗಿರಣಿಗೆ ಅಂಟಿಕೊಂಡೇ ಮನೆ. ಬೆಳಿಗ್ಗೆ ಎಂಟಕ್ಕೆ ಬೆಲ್ಟು ಸುತ್ತಲು ಶುರುವಾದರೆ ಆ ಮನೆಯಲ್ಲಿ ಮಾತಿಗೆ ರಜೆ. ಬೆರಳು ತಿಕ್ಕಿದರೆ ನುಣ್ಣಗೆ ಬೀಸು ಅಂತ, ಬೆರಳ ತುದಿ ಕೂಡಿಸಿ ಬಿಟ್ಟರೆ ತರಿ ಅಂತ. ಅಂಗೈ ಮಗುಚಿದರೆ ಊಟಕ್ಕೆ ಬಾ. ಅಮ್ಮ ಮಲ್ಲಿಕಾಂಬ ಮತ್ತು ಅಪ್ಪನ ಜಗಳಗಳೂ ಕೈಯಲ್ಲೇ ಆಗುತ್ತಿದ್ದವು. ಕೈ ಮಾಡುತ್ತಿರಲಿಲ್ಲ, ಕೈಯಲ್ಲಿ ಮಾತಾಡುತ್ತಿದ್ದರು ಅಷ್ಟೆ. ಇಪ್ಪತ್ತು ಅಡಿ ದೂರದಲ್ಲಿ ನಿಂತವರು ಏನಂದರು ಅನ್ನುವುದನ್ನು ಶಾಂಭವಿ ತುಟಿ ನೋಡಿಯೇ ಹೇಳಬಲ್ಲವಳಾಗಿದ್ದಳು. ಇಷ್ಟೆಲ್ಲ ವಿದ್ಯೆ ಇದ್ದ ಮನೆಯಲ್ಲಿ ಗಂಟಲು ಒಂದು ಅಲಂಕಾರದ ವಸ್ತುವಾಗಿ ಉಳಿದುಹೋದರೆ ಆಶ್ಚರ್ಯವೇನಿಲ್ಲ.

ಶನಿವಾರ ಅಪ್ಪನ ಜೊತೆ ಗಿರಣಿಯಲ್ಲಿ ನಿಂತು ಕಾಳು ಸುರಿಯುತ್ತಾ ಶಾಂಭವಿ ಹಾಸಿಗೆ ಹುಣ್ಣನ್ನು ಬಾಯಿಪಾಠ ಮಾಡುತ್ತಿದ್ದಳು. ಮೊದಲು ಪಿಸುಪಿಸು ಅಂದಳು. ಗಿರಣಿಯ ಗದ್ದಲದಲ್ಲಿ ಅದು ಅವಳಿಗೇ ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಅಂದಳು, ಆಗಲೂ ಇಲ್ಲ. ಆಮೇಲೆ ಇನ್ನೂ ಜೋರಾಗಿ. ಯಾರೂ ತಿರುಗಿ ನೋಡಲಿಲ್ಲ. ಹತ್ತು ನಿಮಿಷದಲ್ಲಿ ಅವಳು ಗಂಟಲು ಬಿಚ್ಚಿ, ತಲೆ ಎತ್ತಿ, ಕೈ ಆಡಿಸಿ, ಹದಿನಾಲ್ಕು ಅಂಶಗಳನ್ನು ಒಂದೂ ಬಿಡದೆ ಹೇಳಿ ಮುಗಿಸಿದ್ದಳು. ಅವಳ ಜನ್ಮದಲ್ಲಿ ಅಷ್ಟು ದೊಡ್ಡ ಭಾಷಣ ಆಗಿರಲಿಲ್ಲ, ಕೇಳಿದವರು ಮಾತ್ರ ಸೊನ್ನೆ. ಎಷ್ಟೋ ಸಭೆಗಳಲ್ಲಿ ಇದಕ್ಕೆ ತಿರುಗುಮುರುಗಾಗಿ ಜನ ಇರುತ್ತಾರೆ, ಭಾಷಣ ಇರುವುದಿಲ್ಲ.

ಭಾನುವಾರ ಸಾಲು ದೊಡ್ಡದಿತ್ತು. ರಾಗಿ ಡಬ್ಬ, ಜೋಳದ ಚೀಲ ಮುಂದಿಟ್ಟುಕೊಂಡು ಎಂಟೊಂಬತ್ತು ಹೆಂಗಸರು ಗೋಡೆಗೆ ಒರಗಿದ್ದರು. ಶಾಂಭವಿ ಅವರ ಕಡೆ ಬೆನ್ನು ಹಾಕಿ, ಕಲ್ಲಿನ ಕಡೆ ಮುಖ ಮಾಡಿ, ನಿನ್ನೆಗಿಂತ ಹುಮ್ಮಸ್ಸಿನಿಂದ ಶುರು ಮಾಡಿದಳು. ಹುಣ್ಣಾಗುವ ಜಾಗಗಳ ಪಟ್ಟಿಯಲ್ಲಿ ಹಿಮ್ಮಡಿ ಮುಗಿಯಿತು, ಭುಜ ಮುಗಿಯಿತು, ಬೆನ್ನು ಇಳಿದು ಇನ್ನೂ ಕೆಳಗೆ ಬಂದಳು. ಅಷ್ಟರಲ್ಲಿ ಕರೆಂಟು ಹೋಯಿತು. ಬೆಲ್ಟು ಉಸ್ಸೆಂದು ನಿಂತಿತು. ಶಾಂಭವಿಯ ಗಂಟಲಿಗೆ ಮಾತ್ರ ಆ ಸುದ್ದಿ ತಡವಾಗಿ ತಲುಪಿತು.

"ಎರಡು ಗಂಟೆಗೊಂದು ಸಲ ಅಂಡು ತಿರುಗಿಸಿ ನೋಡಬೇಕು" ಅನ್ನುವ ವಾಕ್ಯ ಇಡೀ ಗಿರಣಿಯಲ್ಲಿ ಒಂಟಿಯಾಗಿ, ಸ್ಪಷ್ಟವಾಗಿ, ಶಿವನಿ ಸ್ಟೇಷನ್ನಿಗೆ ಕೇಳಿಸುವ ಹಾಗೆ ನಿಂತುಕೊಂಡಿತು.

"ಯಾರ್ದವ್ವಾ?" ಅಂದಳು ಸಾಲಿನ ಹಿಂದಿನಿಂದ ಒಬ್ಬಳು.

ಅಲ್ಲಿಂದ ನಗು ಹತ್ತಿಕೊಂಡಿತು. ಒಬ್ಬಳು ರಾಗಿ ಡಬ್ಬದ ಮೇಲೇ ಕೂತುಬಿಟ್ಟಳು. ಅಪ್ಪ ಗುರುಮೂರ್ತಿ ಫ್ಯೂಸು ನೋಡುವ ನೆಪದಲ್ಲಿ ಗೋಡೆ ಕಡೆ ತಿರುಗಿ ಭುಜ ಕುಣಿಸುತ್ತಿದ್ದರು. ಶಾಂಭವಿಗೆ ತಾನೂ ಕಾಳಿನ ಜೊತೆ ಕಲ್ಲಿನ ಬಾಯಿಗೆ ಇಳಿದುಬಿಡಬೇಕು ಅನ್ನಿಸಿತು. ನಗದಿದ್ದವಳು ಒಬ್ಬಳೇ, ಕೆಳಗಿನ ಕೇರಿಯ ತೀರ್ಥಮ್ಮ. ಅವಳ ಗಂಡ ಯುಗಾದಿಯ ಹೊತ್ತಿಗೆ ಲಕ್ವ ಹೊಡೆದು ಮಲಗಿದವನು ಇನ್ನೂ ಎದ್ದಿರಲಿಲ್ಲ. ಅವಳು ಸಾಲು ಬಿಟ್ಟು ಹತ್ತಿರ ಬಂದು, ಏನದು ಎರಡು ಗಂಟೆ ಅಂದದ್ದು, ಇನ್ನೊಂದು ಸಲ ಹೇಳು ಅಂದಳು. ಯಜಮಾನರಿಗೆ ಸೊಂಟದ ಕೆಳಗೆ ಕೆಂಪಗಾಗಿ ಈಗ ಸಿಪ್ಪೆ ಏಳುತ್ತಿದೆ, ಅರಿಶಿನ ಹಚ್ಚಿದರೆ ಒಣಗುತ್ತಿಲ್ಲ ಅಂದಳು. ನಗು ತಾನಾಗಿ ನಿಂತಿತು.

ಶಾಂಭವಿ ತನ್ನ ಮಾಮೂಲಿ ದನಿಯಲ್ಲಿ, ಅಂದರೆ ತೀರ್ಥಮ್ಮ ಕಿವಿ ತಂದು ಬಾಯಿಗೆ ಕೊಡಬೇಕಾದ ದನಿಯಲ್ಲಿ, ಹೇಳಿದಳು. ಅರಿಶಿನ ಬಿಟ್ಟುಬಿಡಿ, ಸಿಪ್ಪೆ ಎದ್ದಿದೆ ಅಂದರೆ ಡಾಕ್ಟರಿಗೆ ತೋರಿಸಲೇಬೇಕು. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸಿ, ಕಾಲಿನ ಮಧ್ಯೆ ದಿಂಬು ಕೊಡಿ, ಹಾಸಿಗೆ ಒಣಗಿರಲಿ.

ತೀರ್ಥಮ್ಮ ಎಲ್ಲಕ್ಕೂ ತಲೆ ಆಡಿಸಿದಳು. ಆಮೇಲೆ, ರಾಗಿ ಯಾವಾಗ ಬೀಸಿಕೊಡುತ್ತೀಯ ಅಂತ ಕೇಳುವ ಹಾಗೆಯೇ ಕೇಳಿದಳು. "ಹಗ್ಲೊತ್ತು ಹೆಂಗೋ ಹೊಳ್ಳುಸ್ತೀನಿ ಕಣವ್ವ. ರಾತ್ರಿನೂವೆ ಎಲ್ಡ್ ಗಂಟೆಗೊಂದ್ಸಲ ಅಂದ್ರೆ ನಾನ್ಯಾವಾಗ್ ಮಲಗ್ಲಿ?"

ಪುಸ್ತಕದಲ್ಲಿ ಹದಿನಾಲ್ಕು ಅಂಶ ಇದ್ದವು. ಶಾಂಭವಿ ಮನಸ್ಸಿನಲ್ಲೇ ಒಂದರಿಂದ ಹದಿನಾಲ್ಕರವರೆಗೆ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ವಾಪಸು ಬಂದಳು. ಅಷ್ಟರಲ್ಲಿ ಕರೆಂಟು ಬಂತು, ಗಿರಣಿ ಗುಡುಗಿತು. ತೀರ್ಥಮ್ಮನ ತುಟಿ ಇನ್ನೂ ಅಲ್ಲಾಡುತ್ತಿತ್ತು. 'ಹೇಳವ್ವ' ಅನ್ನುತ್ತಿತ್ತು. ಅದನ್ನು ಓದಲು ಶಾಂಭವಿಗೆ ಏನೂ ಕಷ್ಟವಿರಲಿಲ್ಲ. ಆದರೂ ಕೇಳಿಸಲಿಲ್ಲ ಅನ್ನುವ ಹಾಗೆ ಕಿವಿ ಮುಟ್ಟಿ ತೋರಿಸಿ, ಕಾಳು ಸುರಿಯಲು ತಿರುಗಿಕೊಂಡಳು.

ಸೋಮವಾರ ಅಜ್ಜಂಪುರದಲ್ಲಿ ರೈಲು ಹತ್ತಿದ ಅಶ್ವಿನಿಗೆ ಅರ್ಧ ಕಥೆ ಮಾತ್ರ ಹೇಳಿದಳು. ಗದ್ದಲವಿದ್ದರೆ ಬಾಯಿ ಬರುತ್ತದೆ, ಗದ್ದಲ ನಿಂತರೆ ಬಾಯಿ ಹೋಗುತ್ತದೆ ಅನ್ನುವ ಅರ್ಧ. ಹಾಗಾದರೆ ಗಿರಣಿಯನ್ನೇ ಕಡೂರಿಗೆ ತರಬೇಕು ಅಂತ ಅಶ್ವಿನಿ ತಮಾಷೆ ಮಾಡಿದಳು. ಶಾಂಭವಿ ನಗಲಿಲ್ಲ. ಅವಳು ಆಗಲೇ ತಂದಿದ್ದಳು. ಫೋನಿನಲ್ಲಿ ಇಪ್ಪತ್ತು ನಿಮಿಷದ ಗಿರಣಿ, ರಾಗಿ ಬೀಸುವಾಗಿನ ಸದ್ದು. ಜೋಳದ್ದಕ್ಕಿಂತ ರಾಗಿಯದು ಒಂದೇ ಸಮ ಇರುತ್ತದಂತೆ. ಬೇಕಾದದ್ದು ಅಶ್ವಿನಿಯ ತಂತಿಯಿಲ್ಲದ ಇಯರ್‌ಬಡ್ಡು ಒಂದೇ.

"ಲೇ, ಎಲ್ರೂ ಹಾಡು ಕೇಳ್ತಾರೆ. ನೀನು ರಾಗಿ ಕೇಳ್ತೀಯಲ್ಲೇ" ಅಂದಳು ಅಶ್ವಿನಿ. ಆದರೂ ಕೊಟ್ಟಳು. ಕೂದಲು ಬಿಟ್ಟುಕೊಂಡರೆ ಕಿವಿ ಕಾಣುವುದಿಲ್ಲ ಅಂತ ಉಪಾಯವನ್ನೂ ಕೊಟ್ಟಳು. ಇನ್ನೊಂದು ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಶಾಂಭವಿಯದೇ ಆಲೋಚನೆ. ನರ್ಸಿಂಗ್ ಓದುವವರಿಗೆ ಹತ್ತಿಗೆ ಬರವೇ?

ಶುಕ್ರವಾರ ಊಟಕ್ಕೆ ಮೊದಲಿನ ಪೀರಿಯಡ್. ಚಾರ್ಟನ್ನು ಮೊಳೆಗೆ ನೇತುಹಾಕಿ ಶಾಂಭವಿ ತಿರುಗಿದಳು. ಮೂವತ್ತೆರಡು ಮುಖ. ಚಾರ್ಟಿನ ಹಿಂದಿನಿಂದ ಅವಳು ಇವರನ್ನೆಲ್ಲ ಚಪ್ಪಲಿಗಳ ಲೆಕ್ಕದಲ್ಲಿ ಮಾತ್ರ ನೋಡಿದ್ದಳು. ಕೋಟಿನ ಜೇಬಿನಲ್ಲಿ ಬೆರಳು ಫೋನನ್ನು ಒತ್ತಿತು. ಬಲಗಿವಿಯಲ್ಲಿ ಬೆಲ್ಟು ಹೊರಟಿತು.

"ಗುಡ್ ಮಾರ್ನಿಂಗ್" ಅಂದಳು ಶಾಂಭವಿ. ಮುಂದಿನ ಬೆಂಚು ಅರ್ಧ ಅಡಿ ಹಿಂದಕ್ಕೆ ಹೋಯಿತು.

ಆಮೇಲೆ ನಡೆದದ್ದನ್ನು ಆ ಶಾಲೆಯಲ್ಲಿ ಬಹಳ ದಿನ ಹೇಳಿಕೊಂಡರು. ಆಫೀಸಿನ ಗುಮಾಸ್ತರು ಎಲ್ಲೋ ಜಗಳ ಅಂದುಕೊಂಡು ಓಡಿ ಬಂದರು. ಪಕ್ಕದ ಕೋಣೆಯ ಮೊದಲ ವರ್ಷದವರು ತಮ್ಮ ಪಾಠ ನಿಲ್ಲಿಸಿ ಇವಳ ಪಾಠ ಬರೆದುಕೊಳ್ಳಲು ಶುರು ಮಾಡಿದರು. ಮೂಲೆಯ ಮಂಚದಲ್ಲಿ ಆರು ವರ್ಷದಿಂದ ಅಂಗಾತ ಮಲಗಿಯೂ ಹುಣ್ಣಾಗದ ರೋಗಿ ಒಬ್ಬಳಿದ್ದಳು, ಪ್ರಾಕ್ಟಿಕಲ್ಲಿನ ರಬ್ಬರ್ ಬೊಂಬೆ. ಅದು ಎದ್ದು ಕೂತರೂ ಯಾರೂ ಬೆರಗಾಗುತ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಶಾಂಭವಿ ಗುಡುಗಿದಳು. ಈ ನಿಯಮ ಚಾಚೂ ತಪ್ಪದೆ ಪಾಲಿಸುವವರು ನಮ್ಮಲ್ಲಿ ರಾಜಕೀಯದವರು ಮಾತ್ರ, ಅದಕ್ಕೇ ಅವರಿಗೆ ಎಷ್ಟು ವರ್ಷ ಮಲಗಿದರೂ ಹುಣ್ಣಾಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ರೇಣುಕಪ್ರಸಾದ್ ಸರ್ 'ದನಿ ಕೇಳಿಸುತ್ತದೆಯೇ' ಅನ್ನುವ ಕಾಲಮ್ಮಿನಲ್ಲಿ ಐದಕ್ಕೆ ಐದು ಹಾಕಿದರು. ಆರನೆಯದಕ್ಕೆ ಜಾಗವಿರಲಿಲ್ಲ.

ಹದಿನಾಲ್ಕೂ ಮುಗಿದವು. ಇನ್ನು ಪ್ರಶ್ನೆ.

ಸರ್ ತುಟಿ ಅಲ್ಲಾಡಿತು. ಶಾಂಭವಿ ಅದನ್ನೇ ನೋಡಿದಳು. ಕನ್ನಡವಾಗಿದ್ದರೆ ಮೂವತ್ತು ಅಡಿಯಿಂದಲೂ ಓದುತ್ತಿದ್ದಳು. ಆದರೆ ಸರ್ ಪ್ರಶ್ನೆ ಕೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ, ಮತ್ತು ಶಿವನಿಯ ಗಿರಣಿಗೆ ಇಂಗ್ಲಿಷಿನಲ್ಲಿ ರಾಗಿ ತಂದವರು ಯಾರೂ ಇರಲಿಲ್ಲ. ಸರ್ ಮತ್ತೆ ಕೇಳಿದರು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳ ಬಲಗೈ ತಾನಾಗಿ ಮೇಲೆದ್ದು, ಬೆರಳು ತಿಕ್ಕಿ, ಆಮೇಲೆ ತುದಿ ಕೂಡಿಸಿ ಬಿಟ್ಟು, ನುಣ್ಣಗೆ ಬೇಕಾ ತರಿ ಬೇಕಾ ಅಂತ ವಿಚಾರಿಸಿತು.

ಬೇರೆ ದಾರಿ ಇರಲಿಲ್ಲ. ಶಾಂಭವಿ ಕೂದಲು ಹಿಂದಕ್ಕೆ ಸರಿಸಿ ಬಡ್ಡನ್ನು ಕಿತ್ತಳು, ಹತ್ತಿಯನ್ನೂ ತೆಗೆದಳು. ತರಗತಿಯ ನಿಶ್ಶಬ್ದ ಎರಡೂ ಕಿವಿಗೆ ಒಟ್ಟಿಗೆ ನುಗ್ಗಿತು.

"ಏನದು ಕಿವೀಲಿ?" ಅಂದರು ಸರ್.

ಅವರು ಎದ್ದು ಬರುವುದನ್ನು ನೋಡಿದ ಮೇಲೆ ಅವಳಿಗೆ ತನ್ನ ತಪ್ಪು ಹೊಳೆಯಿತು. ಕಿವಿಯಲ್ಲಿ ಯಂತ್ರ, ಕೂದಲಲ್ಲಿ ಮರೆ, ಬಾಯಲ್ಲಿ ಒಂದಕ್ಷರ ತಪ್ಪದ ಹದಿನಾಲ್ಕು ಅಂಶ. ಹೊರಗೆಲ್ಲೋ ಕೂತು ಯಾರೋ ಹೇಳಿಕೊಡುತ್ತಿದ್ದಾರೆ ಅಂತ ಯಾರಿಗಾದರೂ ಅನಿಸುವುದೇ. ಯಾರು ಅಂತ ಸರ್ ಕೇಳಿಯೇಬಿಟ್ಟರು. ಅಶ್ವಿನಿ ತಲೆ ತಗ್ಗಿಸಿದಳು. ಇಪ್ಪತ್ತೈದು ಅಂಕ, ಹಾಲ್ ಟಿಕೆಟು, ಒಂದೂವರೆ ವರ್ಷದ ರೈಲು ಪಾಸು, ಎಲ್ಲವೂ ಆ ಕಡಲೆಕಾಯಿಯಷ್ಟು ದೊಡ್ಡ ಯಂತ್ರದಲ್ಲಿತ್ತು. ಶಾಂಭವಿ ಅದನ್ನು ಹಿಡಿದಿದ್ದ ಅಂಗೈ ಚಾಚಿದಳು.

ಸರ್ ಅದನ್ನು ತೆಗೆದುಕೊಂಡು, ಅಂಗಿಯ ತುದಿಗೆ ಒರೆಸಿ, ಅಪರಾಧಿಯ ದನಿ ಕೇಳುವ ಪೊಲೀಸರ ಹಾಗೆ ಕಿವಿಗೆ ಇಟ್ಟುಕೊಂಡರು. ಮುಖ ಗಂಟಿಕ್ಕಿತು. ಗಂಟು ಒಂದೊಂದಾಗಿ ಬಿಚ್ಚಿಕೊಂಡಿತು.

"ಏನಮ್ಮ ಇದು?"

"ನಮ್ಮ ಗಿರಣಿ ಸರ್."

"ಗಿರಣಿ."

"ರಾಗಿ ಸರ್" ಅಂದಳು ಶಾಂಭವಿ, ಪೂರ್ತಿ ನಿಜ ಹೇಳಿಬಿಡುವುದು ಒಳ್ಳೆಯದು ಅಂತ.

ತರಗತಿ ನಕ್ಕಿತು. ಗಿರಣಿಯಲ್ಲಿ ಭಾನುವಾರ ನಕ್ಕ ಹಾಗೆಯೇ ನಕ್ಕಿತು. ಆದರೆ ಈ ಸಲ ಶಾಂಭವಿಗೆ ಇಳಿದುಹೋಗಲು ಕಲ್ಲಿನ ಬಾಯಿ ಹತ್ತಿರದಲ್ಲಿರಲಿಲ್ಲವಾದ್ದರಿಂದ ನಿಂತೇ ಇದ್ದಳು. ನಗು ಮುಗಿಯುವವರೆಗೂ ನಿಂತರೆ ನಗು ಮುಗಿಯುತ್ತದೆ ಅನ್ನುವುದು ಅವಳಿಗೆ ಹೊಸ ಸಂಗತಿಯಾಗಿತ್ತು. ಇದು ತಮ್ಮ ಹತ್ತಿರ ಇರಲಿ, ಈಗ ಪ್ರಶ್ನೆಗೆ ಉತ್ತರ ಹೇಳು ಅಂದರು ಸರ್. ಹುಣ್ಣಿಗೆ ಎಷ್ಟು ಹಂತ? ನಾಲ್ಕು ಅಂದಳು. ನಾಲ್ಕನ್ನೂ ಹೇಳಿದಳು. ಗುಡುಗಲಿಲ್ಲ. ದನಿ ನಡುಗಿತು, ಒಂದೆರಡು ಕಡೆ ಮುರಿಯಿತು, ಮೂರನೆಯ ಬೆಂಚಿನವರು ಮುಂದಕ್ಕೆ ಬಾಗಿ ಕೇಳಬೇಕಾಯಿತು. ಆದರೆ ಕೇಳಿಸಿತು. ಸರ್ ಕೊನೆಯ ಬೆಂಚಿಗೆ ಹೋಗಿ ಏನೋ ಬರೆದುಕೊಂಡರು. ಪಾಸು ಅನ್ನುವುದು ಅವರ ಪೆನ್ನು ಹೋದ ದಾರಿಯಲ್ಲೇ ಗೊತ್ತಾಯಿತು.

ಬರೆಯುತ್ತಲೇ, ಎನಿ ಡೌಟ್ಸ್ ಅಂತ ಕೇಳಿದರು. ಅದು ಮಂಗಳಾರತಿ ಇದ್ದ ಹಾಗೆ. ಊಟದ ಬೆಲ್ಲಿಗೆ ಐದು ನಿಮಿಷ ಇರುವಾಗ ಸಂದೇಹ ಬಂದ ಮನುಷ್ಯ ಆ ಶಾಲೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಸಖರಾಯಪಟ್ಟಣದ ಹೊನ್ನೇಶ್ ಡೆಸ್ಕಿನ ಕೆಳಗೆ ಡಬ್ಬಿಯ ಮುಚ್ಚಳ ತೆಗೆದೇಬಿಟ್ಟಿದ್ದ.

"ನಂಗೊಂದೈತೆ ಸರ್" ಅಂದಳು ಶಾಂಭವಿ.

ಪ್ರೆಸೆಂಟೇಶನ್ ಮಾಡಿದವರೇ ಸಂದೇಹ ಕೇಳುವುದು ನಿಯಮದಲ್ಲಿ ಇತ್ತೋ ಇಲ್ಲವೋ, ಸರ್‌ಗೂ ನೆನಪಾಗಲಿಲ್ಲ.

"ಮನೇಲಿ ಒಬ್ರೇ ಇರ್ತಾರೆ ಸರ್. ಅವ್ರೇ ರಾತ್ರಿಯೆಲ್ಲ ಎರಡ್ ಗಂಟೆಗೊಂದ್ಸಲ ಎದ್ದು ಮಗ್ಗುಲು ಬದಲಾಯಿಸ್ಬೇಕು. ಮತ್ತೆ ಅವ್ರು ಯಾವಾಗ ಮಲಗ್ಬೇಕು?"

ಗುಡ್ ಕ್ವೆಶ್ಚನ್ ಅಂದರು ಸರ್. ಮೇಷ್ಟ್ರು ಹಾಗೆ ಅಂದರೆ ಉತ್ತರ ಇಲ್ಲ ಅಂತ ಅರ್ಥ, ಎಲ್ಲರಿಗೂ ಗೊತ್ತು. ಅವರು ಪುಸ್ತಕ ತೆಗೆದು ಎರಡು ಹಾಳೆ ಮಗುಚಿದರು. ಯಾರು ಕೇಳಿದರು ಅಂತ ವಿಚಾರಿಸಿದರು. ಶಾಂಭವಿ ಹೇಳಿದಳು, ತೀರ್ಥಮ್ಮನ ಹೆಸರು, ಸಿಪ್ಪೆ ಎದ್ದದ್ದು, ಎಲ್ಲ. ತಾನು ಕೇಳಿಸದವಳ ಹಾಗೆ ತಿರುಗಿಕೊಂಡದ್ದನ್ನೂ ಹೇಳಿದಳು. ಈ ಅರ್ಧವನ್ನು ಅಶ್ವಿನಿಯೂ ಈಗಲೇ ಕೇಳಿದ್ದು.

ಅಶ್ವಿನಿ ಕೂತಲ್ಲಿಂದಲೇ ಮಾತಾಡಿದಳು. ಅವರ ಅಜ್ಜಿ ಎರಡು ವರ್ಷ ಮಲಗಿದ್ದರು. ಅಮ್ಮ ಪಕ್ಕದಲ್ಲೇ ಮಲಗಿ ಒಂದು ಕೈಯನ್ನು ಅಜ್ಜಿಯ ಬೆನ್ನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಕೈ ಜೋಮು ಹಿಡಿದಾಗ ಎಚ್ಚರವಾಗುತ್ತಿತ್ತು, ಆಗ ಹೊರಳಿಸುತ್ತಿದ್ದರು. ಅವರು ಯಾವಾಗ ಮಲಗುತ್ತಿದ್ದರು ಅಂತ ಶಾಂಭವಿ ಕೇಳಿದಳು. ಅಶ್ವಿನಿ ಯೋಚಿಸಿದಳು. ನಾವು ಸ್ಕೂಲಿಗೆ ಹೋದ ಮೇಲೆ ಇರಬೇಕು ಅಂದಳು. ನೋಡಿಲ್ಲ ಅಂದಳು.

ಬೆಲ್ ಹೊಡೆಯಿತು. ಹೊನ್ನೇಶ್ ಏಳಲಿಲ್ಲ. ರಾತ್ರಿ ತೋಟದ ಮೋಟರಿಗೆ ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಅವರಪ್ಪ ಹೇಗೂ ಏಳಬೇಕಾಗಿತ್ತಂತೆ. "ಮೋಟ್ರು ಆನ್ ಮಾಡಾಕೆ ಹೋಗ್ತಾ ತಾತನ್ನ ಒಂದ್ಕಡೆ ತಿರುಗ್ಸೋರು, ಬರ್ತಾ ಇನ್ನೊಂದ್ಕಡೆ" ಅಂದ. ಲಿಂಗದಹಳ್ಳಿಯ ವನಜಾಕ್ಷಿ, ಅವರ ಕೇರಿಯಲ್ಲಿ ಬೆಳಗಿನ ಹಾಲು ಕರೆಯಲು ಏಳುವ ಪಕ್ಕದ ಮನೆಯವರು ಹೋಗುವಾಗ ಬಂದು ಹೊರಳಿಸಲು ಕೈ ಹಾಕಿ ಹೋಗುತ್ತಿದ್ದರು ಅಂದಳು.

ಶಾಂಭವಿ ಚಾಕ್ ತೆಗೆದುಕೊಂಡು ಬೋರ್ಡಿನಲ್ಲಿ ಹತ್ತು, ಹನ್ನೆರಡು, ಎರಡು, ನಾಲ್ಕು, ಆರು ಅಂತ ಒಂದರ ಕೆಳಗೊಂದು ಬರೆದಳು. ಕೆಳಗಿನ ಕೇರಿಯಲ್ಲಿ ಹಾಲು ಕರೆಯುವವರು ಯಾರು, ಮೊದಲ ರೈಲಿಗೆ ಏಳುವವರು ಯಾರು ಅಂತ ತನಗೇ ಹೇಳಿಕೊಳ್ಳುತ್ತಾ ನಾಲ್ಕರ ಮುಂದೆ ಒಂದು ಹೆಸರು ಬರೆದಳು, ಆರರ ಮುಂದೆ ಇನ್ನೊಂದು. ಹತ್ತು ತೀರ್ಥಮ್ಮನಿಗೇ ಬಿಟ್ಟಳು. ಹನ್ನೆರಡು ಮತ್ತು ಎರಡು ಖಾಲಿ ಉಳಿದವು. ಬೇರೆ ಯಾರ ಮನೆಯಲ್ಲಿ ಹೇಗೆ ಮಾಡುತ್ತಿದ್ದರು ಅಂತ ತಿರುಗಿ ಕೇಳಿದಳು. ಕಿಟಕಿಯಲ್ಲಿ ಮೊದಲ ವರ್ಷದವರು ಡಬ್ಬಿ ಹಿಡಿದುಕೊಂಡೇ ನಿಂತಿದ್ದರು. ಹೋಗಿ ಕೂತುಕೋ ಅಂತ ಅವಳಿಗೆ ಯಾರೂ ಹೇಳಲಿಲ್ಲ.

ಕೊನೆಯ ಬೆಂಚಿನಲ್ಲಿ ಒಂದು ಕೈ ಅರ್ಧ ಎದ್ದು, ಇಳಿದು, ಮತ್ತೆ ಎದ್ದಿತು. ಆ ಕೈಯಲ್ಲಿ ಪೆನ್ನಿತ್ತು.

"ನೀವ್ ಹೇಳಿ ಸರ್" ಅಂದಳು ಶಾಂಭವಿ.

ರೇಣುಕಪ್ರಸಾದ್ ಸರ್ ಎದ್ದು ನಿಂತರು. ಎಲ್ಲರೂ ತಿರುಗಿ ನೋಡಿದರು. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಶಾಂಭವಿ ಚಾಕನ್ನು ಹನ್ನೆರಡರ ಪಕ್ಕದಲ್ಲಿ ಹಿಡಿದುಕೊಂಡು, ಅವಸರವಿಲ್ಲದೆ ಕಾಯುತ್ತಾ ನಿಂತಳು.